ಜಾಗ ಸಾಲದು ಎನ್ನುವುದು ಬೇರೆ, ಮಾತು ಬೇಡ ಎನ್ನುವುದು ಬೇರೆ

ನನ್ನ ಪೋಸ್ಟ್ ಯಾಕೆ ಯಾರಿಗೂ ಕಾಣಿಸುತ್ತಿಲ್ಲ ಅಂತ ಇಲ್ಲಿ ತುಂಬಾ ಜನ ಕೇಳುತ್ತಿರುತ್ತಾರೆ. ಪೋಸ್ಟ್‌ಗಳು ಜಾಸ್ತಿ ಇವೆ, ಎಲ್ಲವನ್ನೂ ಎಲ್ಲರಿಗೂ ತೋರಿಸಲು ಆಗುವುದಿಲ್ಲ ಎನ್ನುವುದು ಒಂದು ಉತ್ತರ. ನಿಯಮಕ್ಕೆ ಹೊಂದುವುದಿಲ್ಲ ಎನ್ನುವುದು ಇನ್ನೊಂದು. ನಮ್ಮ ಪಾಲಿಗೆ ಬಂದದ್ದು ಯಾವುದು ಅಂತ ಮಾತ್ರ ಗೊತ್ತಾಗುವುದಿಲ್ಲ. ಈ ಕಲಬೆರಕೆ ಯೂಸ್‌ನೆಟ್ ಕಾಲದಿಂದಲೂ ಇದೆ. ಯೂಸ್‌ನೆಟ್ ಎಂದರೆ ವಿಷಯಕ್ಕೊಂದು ಗುಂಪು ಮಾಡಿಕೊಂಡು ಜನ ಬರೆದು ಚರ್ಚಿಸುತ್ತಿದ್ದ ಹಳೆಯ ಕಂಪ್ಯೂಟರ್ ಜಾಲ. ಆದರೆ ಅಲ್ಲಿ ಎರಡನ್ನೂ ಬೇರೆ ಮಾಡಿ ತೋರಿಸಿದವರು ಕೂಡ ಇದ್ದರು.

ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1979ರಲ್ಲಿ ಯೂಸ್‌ನೆಟ್ ಯೋಚಿಸಿದರು. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಫೋನ್ ಮಾಡಿ ಹೊಸ ಬರಹಗಳನ್ನು ದಾಟಿಸುತ್ತದೆ, ಅದು ಮುಂದಿನದಕ್ಕೆ. ಮಧ್ಯದಲ್ಲಿ ಯಜಮಾನ ಅಂತ ಯಾರೂ ಇಲ್ಲ. ದಿನಕ್ಕೆ ಒಂದೆರಡು ಬರಹ ಬಂದರೆ ಹೆಚ್ಚು ಅಂದುಕೊಂಡಿದ್ದರು. ಫೋನ್ ತಂತಿಗೆ ಕಂಪ್ಯೂಟರ್ ಜೋಡಿಸುವ 300 ಬಾಡ್ ವೇಗದ ಮೋಡೆಮ್ ಸೆಕೆಂಡಿಗೆ ಸಾಗಿಸುತ್ತಿದ್ದದ್ದು ಸುಮಾರು 30 ಅಕ್ಷರ. ಜನ ಸೇರಿದಂತೆ ಫೋನ್ ಬಿಲ್ ಏರಿತು, ಡಿಸ್ಕ್ ತುಂಬಿತು. ಹಳೆಯ ಬರಹಗಳು ಕೆಲವು ದಿನಕ್ಕೋ ವಾರಕ್ಕೋ ತಾವಾಗಿಯೇ ಅಳಿಯುವ ವ್ಯವಸ್ಥೆ ಬಂತು. 1984ರಲ್ಲಿ ಲ್ಯಾರಿ ವಾಲ್ ಬರೆದ ಆರ್‌ಎನ್ ಎಂಬ ಓದುವ ಪ್ರೋಗ್ರಾಮ್ 'ಕಿಲ್ ಫೈಲ್' ತಂದಿತು. ಬೇಡದ ವಿಷಯವನ್ನೋ ಬೇಡದ ವ್ಯಕ್ತಿಯನ್ನೋ ಅದರಲ್ಲಿ ಬರೆದಿಟ್ಟರೆ ಆಯಿತು, ಆ ಬರಹ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಬೇರೆಯವರ ಕಣ್ಣಿಗೆ ಬೀಳುತ್ತದೆ. ನನಗೆ ಇದಕ್ಕಿಂತ ನ್ಯಾಯವಾದ ಜರಡಿ ಇವತ್ತಿಗೂ ಕಂಡಿಲ್ಲ.

ಗೊಂದಲ ಶುರುವಾದದ್ದು 1986-87ರ 'ಗ್ರೇಟ್ ರೀನೇಮಿಂಗ್'ನಲ್ಲಿ. ಗುಂಪುಗಳ ಹೆಸರನ್ನೆಲ್ಲ ಬದಲಿಸಿ ಕಾಂಪ್ (ಕಂಪ್ಯೂಟರ್), ಸೈ (ವಿಜ್ಞಾನ), ರೆಕ್ (ಹವ್ಯಾಸ), ಟಾಕ್ (ಚರ್ಚೆ) ಮುಂತಾದ 7 ವಿಭಾಗ ಮಾಡಿದರು. ಖರ್ಚಿನ ಕಾರಣ ಸುಳ್ಳಲ್ಲ. ಸಮುದ್ರ ದಾಟಿ ಬರುವ ಒಂದೊಂದು ಅಕ್ಷರಕ್ಕೂ ಯೂರೋಪಿನವರು ದುಡ್ಡು ಕೊಡುತ್ತಿದ್ದರು. ಮುಗಿಯದ ಜಗಳಗಳಿಗೆ ಅವರೇಕೆ ಕೊಡಬೇಕು? ಹಾಗಾಗಿ ರಾಜಕೀಯ, ಧರ್ಮದಂಥ ಕಾವೇರಿದ ಚರ್ಚೆಗಳು ಟಾಕ್ ವಿಭಾಗಕ್ಕೆ ಹೋದವು. ಬೇಡವಾದ ಕಂಪ್ಯೂಟರ್ ಕೇಂದ್ರ ಆ ಇಡೀ ವಿಭಾಗವನ್ನೇ ಕೈಬಿಡಬಹುದು. ಇಲ್ಲಿಯವರೆಗೂ ಒಪ್ಪುತ್ತೇನೆ. ಆದರೆ ದೊಡ್ಡ ಕೇಂದ್ರಗಳನ್ನು ನೋಡಿಕೊಳ್ಳುತ್ತಿದ್ದ ಕೆಲವೇ ಜನ, ಸೆಕ್ಸ್ ಮತ್ತು ಡ್ರಗ್ಸ್ ಬಗ್ಗೆ ಗುಂಪು ಬೇಕು ಎಂದವರಿಗೂ ಬೇಡ ಎಂದರು. ಅದು ಬಿಲ್ಲಿನ ಮಾತಲ್ಲ, ಅಲ್ವಾ? ಆ ಕೆಲವೇ ಜನರಲ್ಲಿ ಒಬ್ಬರಾಗಿದ್ದ ಬ್ರಯಾನ್ ರೀಡ್ ಅವರೇ 1987ರಲ್ಲಿ ಜಾನ್ ಗಿಲ್ಮೋರ್ ಮತ್ತು ಗಾರ್ಡನ್ ಮೊಫೆಟ್ ಜೊತೆ ಸೇರಿ 'ಆಲ್ಟ್' ಎಂಬ ಬೇರೆ ದಾರಿ ತೆರೆದರು. ಅಲ್ಲಿ ಗುಂಪು ತೆರೆಯಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಬೇಕಾದವರು ತರಿಸಿಕೊಂಡರು, ಬೇಡವಾದವರು ಬಿಟ್ಟರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1989ರಲ್ಲಿ ತನ್ನ ಕಂಪ್ಯೂಟರ್‌ಗಳಲ್ಲಿ ಒಂದು ಹಾಸ್ಯದ ಗುಂಪನ್ನು ನಿಲ್ಲಿಸಿದಾಗ ಜಾಗದ ನೆಪವೂ ಇರಲಿಲ್ಲ. ಜನಾಂಗದ ಬಗ್ಗೆ ಬಂದಿದ್ದ ಒಂದು ಜೋಕೇ ಕಾರಣ ಅಂತ ನೇರವಾಗಿ ಹೇಳಿದರು. ಆ ನಿರ್ಧಾರ ತಪ್ಪು ಎಂದೇ ನನ್ನ ಅನಿಸಿಕೆ. ಆದರೆ ಕಾರಣ ಎದುರಿಗೇ ಇದ್ದದ್ದರಿಂದ ಅದರ ಜೊತೆ ವಾದ ಮಾಡಲು ಆಯಿತು. ಅಲ್ಲಿನ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕ ಜಾನ್ ಮೆಕಾರ್ಥಿ ಮುಂದೆ ನಿಂತರು, ಸಹಿ ಸಂಗ್ರಹವಾಯಿತು, ಗುಂಪು ವಾಪಸ್ ಬಂತು.

ನನಗೆ ತುಂಬಾ ಇಷ್ಟವಾದ ನಿಯಮ ಹುಟ್ಟಿದ್ದು ಸ್ಪ್ಯಾಮ್ ಕಾಟದಿಂದ. 1994ರ ಏಪ್ರಿಲ್‌ನಲ್ಲಿ ಅರಿಜೋನಾದ ಇಬ್ಬರು ವಕೀಲರು, ಕ್ಯಾಂಟರ್ ಮತ್ತು ಸೀಗಲ್, ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು 5,000ಕ್ಕೂ ಹೆಚ್ಚು ಗುಂಪುಗಳಲ್ಲಿ ಹಾಕಿದರು. ಒಂದೊಂದು ಗುಂಪಿಗೂ ಬೇರೆ ಬೇರೆ ಪ್ರತಿ. ಓದುಗ ಯಾವ ಗುಂಪಿಗೆ ಹೋದರೂ ಅದೇ. ಇಂಥದ್ದನ್ನು ಅಳಿಸಲು ಹೊರಟವರಿಗೆ ಒಂದು ಪ್ರಶ್ನೆ ಎದುರಾಯಿತು. ಯಾವುದು ಸ್ಪ್ಯಾಮ್ ಅಂತ ಹೇಳುವವರು ಯಾರು? ಸೇತ್ ಬ್ರೈಡ್‌ಬಾರ್ಟ್ ಅವರ ಹೆಸರಿನ ಲೆಕ್ಕ ಅದಕ್ಕೆ ಉತ್ತರವಾಯಿತು. ಒಂದು ಪ್ರತಿ ಎಷ್ಟು ಗುಂಪಿಗೆ ಹೋಗಿದೆಯೋ ಅದರ ವರ್ಗಮೂಲ ತೆಗೆಯಿರಿ. ಎಲ್ಲ ಪ್ರತಿಗಳದ್ದನ್ನೂ ಕೂಡಿಸಿ. 45 ದಿನದೊಳಗೆ ಮೊತ್ತ 20 ಮುಟ್ಟಿದರೆ ಅಳಿಸಬಹುದು. ಒಂದೇ ಪ್ರತಿಯನ್ನು 9 ಗುಂಪಿಗೆ ಒಟ್ಟಿಗೆ ಹಾಕಿದರೆ ಲೆಕ್ಕಕ್ಕೆ ಬರುವುದು ಬರೀ 3. 20 ಗುಂಪಿಗೆ ಬಿಡಿಬಿಡಿಯಾಗಿ ಸುರಿದರೆ 20.

ಇದರಲ್ಲಿ ಬರಹದ ಒಳಗೆ ಏನಿದೆ ಅಂತ ಯಾರೂ ನೋಡುವುದಿಲ್ಲ. ಜಾಹೀರಾತಾಗಲಿ, ದೇವರ ನಾಮವಾಗಲಿ, ಅಳತೆ ಒಂದೇ. ಅಳಿಸುವುದೆಂದರೆ 'ಇದನ್ನು ತೆಗೆಯಿರಿ' ಎಂಬ ಸಂದೇಶವನ್ನು ಎಲ್ಲ ಕೇಂದ್ರಗಳಿಗೂ ಕಳಿಸುವುದು. ಆ ಸಂದೇಶಕ್ಕೆ 'ಸೈಬರ್‌ಸ್ಪ್ಯಾಮ್' ಎಂಬ ಗುರುತನ್ನೂ ಹಾಕುತ್ತಿದ್ದರು. ಅಳಿಸುವುದು ಬೇಡ ಎನ್ನುವ ಕೇಂದ್ರ ಆ ಗುರುತು ನೋಡಿ ಸುಮ್ನೆ ಅದನ್ನು ತಳ್ಳಿಹಾಕಬಹುದಿತ್ತು. ಸಂಬಳ ಇಲ್ಲದೆ ಕೆಲಸ ಮಾಡುತ್ತಿದ್ದ ಜನ ಇಷ್ಟು ಯೋಚಿಸಿ ಮಾಡಿದ್ದರು!

ಇದಕ್ಕೆ ತದ್ವಿರುದ್ಧವಾದದ್ದು 1995ರ ಕೊನೆಯಲ್ಲಿ ನಡೆಯಿತು. ಅಶ್ಲೀಲ ಬರಹ, ಚಿತ್ರಗಳ ಬಗ್ಗೆ ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ನಡೆದ ತನಿಖೆಗೆ ಹೆದರಿ, ಗ್ರಾಹಕರಿಗೆ ಆನ್‌ಲೈನ್ ಸೇವೆ ಕೊಡುತ್ತಿದ್ದ ಅಮೆರಿಕದ ಕಂಪ್ಯುಸರ್ವ್ ಕಂಪನಿ 200ಕ್ಕೂ ಹೆಚ್ಚು ಗುಂಪುಗಳನ್ನು ಮುಚ್ಚಿತು. ಒಂದು ದೇಶಕ್ಕೆ ಮಾತ್ರ ಮುಚ್ಚುವ ಏರ್ಪಾಡು ಅವರಲ್ಲಿ ಇರಲಿಲ್ಲ, ಹಾಗಾಗಿ ಜಗತ್ತಿನಾದ್ಯಂತ ಇದ್ದ ಅವರ ಗ್ರಾಹಕರಿಗೆಲ್ಲ ಬಾಗಿಲು ಬಿತ್ತು. ಮುಂದಿನ ಫೆಬ್ರವರಿಯಲ್ಲಿ ಬಹುಪಾಲು ಗುಂಪುಗಳನ್ನು ತೆರೆದರು, ಜೊತೆಗೆ ಬೇಡದ್ದನ್ನು ತಡೆಯುವ ಸಾಧನವನ್ನು ಗ್ರಾಹಕರ ಕೈಗೇ ಕೊಟ್ಟರು. ಅದನ್ನು ಮೊದಲೇ ಮಾಡಬಹುದಿತ್ತು.

ಇವತ್ತಿನ ಕಂಪನಿಗಳಿಂದ ನಾನು ಕೇಳುವುದು ಇಷ್ಟೇ. ಜಾಗ, ಗಮನ, ಖರ್ಚು ಸಮಸ್ಯೆ ಎಂದಾದರೆ ಅಳತೆ ಯಾವುದು ಅಂತ ಹೇಳಿ, ಎಲ್ಲರಿಗೂ ಒಂದೇ ಇರಲಿ. ಮಾತೇ ಬೇಡ ಎಂದಾದರೆ ಅದನ್ನೇ ಹೇಳಿ, ನಾವು ವಾದ ಮಾಡುತ್ತೇವೆ. ಬೆದರಿಕೆ, ಮಕ್ಕಳಿಗೆ ಹಾನಿ ಮಾಡುವಂಥದ್ದನ್ನು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದನ್ನೂ ಕಾರಣ ಹೇಳಿಯೇ ತೆಗೆಯಿರಿ.

ಯೂಸ್‌ನೆಟ್‌ನಲ್ಲಿ ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ ಅಂತ ನಮ್ಮದೂ ಒಂದು ಗುಂಪಿತ್ತು. ಅಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಿದ್ದರು. 90ರ ದಶಕದಲ್ಲಿ ಅಲ್ಲಿ ಬರೆಯುತ್ತಿದ್ದವರು, ಓದುತ್ತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕಾಮೆಂಟ್‌ನಲ್ಲಿ ಬರೆಯಿರಿ. ನಿಮ್ಮ ಕಾಲೇಜು, ಆಫೀಸಿನ ಕಂಪ್ಯೂಟರ್‌ಗಳಲ್ಲಿ ಯಾವ ಗುಂಪುಗಳು ಬರುತ್ತಿರಲಿಲ್ಲ? ಯಾಕೆ ಅಂತ ಕೇಳಿದರೆ ಏನು ಹೇಳುತ್ತಿದ್ದರು?