ಸೆಕೆಂಡ್ ಹಾಫ್ ಲ್ಯಾಗ್ ಅಂದವರಿಗೆ

'ಸು ಫ್ರಮ್ ಸೋ' ಅನ್ನುವ ಹಾರರ್ ಕಾಮಿಡಿ ಸಿನಿಮಾ ನೋಡಿದ ಹತ್ತರಲ್ಲಿ ಎಂಟು ಜನ ನನಗೆ ಹೇಳಿದ್ದು ಒಂದೇ ಮಾತು: ಫಸ್ಟ್ ಹಾಫ್ ನಕ್ಕು ನಕ್ಕು ಸಾಕಾಯ್ತು, ಸೆಕೆಂಡ್ ಹಾಫ್ ಲ್ಯಾಗ್. ಆಫೀಸಲ್ಲಿ, ಮನೆಯ ವಾಟ್ಸಾಪ್ ಗ್ರೂಪಲ್ಲಿ, ಕೊನೆಗೆ ಒಂದು ಮದುವೆ ಊಟದ ಪಂಕ್ತಿಯಲ್ಲೂ ಇದೇ. ಹಾರರ್ ಎಲ್ಲಿದೆ ಅಂತಲೂ ಕೇಳಿದರು. ಸುಮ್ಮನಿರಲು ಆಗುತ್ತಿಲ್ಲ, ಬರೆಯುತ್ತಿದ್ದೇನೆ.

ನಾನೂ ಮನಸಾರೆ ನಕ್ಕವಳೇ. 2025ರ ಜುಲೈ 25ಕ್ಕೆ ಬಿಡುಗಡೆಯಾದ ಸಿನಿಮಾ, ಅದೇ ವಾರ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹೌಸ್‌ಫುಲ್. ಬಾವ ಅನ್ನುವ ಪಾತ್ರ ತೆರೆಗೆ ಬಂದಾಗಲೆಲ್ಲ ಇಡೀ ಥಿಯೇಟರೇ ಹಾಡುತ್ತಿತ್ತು. ದೊಡ್ಡ ಸ್ಟಾರ್ ಇಲ್ಲದ ಈ ಸಣ್ಣ ಬಜೆಟ್ ಸಿನಿಮಾ ನೋಡಿದವರ ಬಾಯಿಮಾತಿನ ಮೇಲೆಯೇ ಓಡಿ ನೂರು ಕೋಟಿ ದಾಟಿತು. ನಿರ್ದೇಶಕ ಜೆ.ಪಿ. ತುಮಿನಾಡು ರಂಗಭೂಮಿಯವರು, ಅದು ಪ್ರತಿ ಫ್ರೇಮಲ್ಲೂ ಗೊತ್ತಾಗುತ್ತದೆ. ಗುಂಪಿನ ಹಿಂದೆ ನಿಂತವನ ಮುಖ ಕೂಡ ಖಾಲಿ ಇರುವುದಿಲ್ಲ. ಶನೀಲ್ ಗೌತಮ್ ಅವರ ರವಿ ಅಣ್ಣ ಸುಮ್ಮನೆ ನಡೆದು ಬಂದರೂ ಅವನು ಊರಿಗೆಲ್ಲ ಯಾರು ಅನ್ನುವುದು ತಿಳಿಯುತ್ತದೆ. ಮಂಗಳೂರು ಕನ್ನಡ ಅರ್ಥವಾಗಲಿಲ್ಲ ಅನ್ನುವ ದೂರನ್ನು ನಾನು ಒಪ್ಪುವುದಿಲ್ಲ. ನಮ್ಮಮ್ಮ ಹಾಸನ ದಾಟಿ ಹೋದವಳಲ್ಲ, ಒಂದು ಜೋಕೂ ಬಿಡಲಿಲ್ಲ.

ಒಂದು ತಕರಾರು ಮಾತ್ರ ಸರಿ ಅನಿಸುತ್ತದೆ. ಕಥಾನಾಯಕ ಅಶೋಕ ಹುಡುಗಿಯೊಬ್ಬಳಿದ್ದ ಬಚ್ಚಲುಮನೆಗೆ ಇಣುಕಿ ಸಿಕ್ಕಿಬಿದ್ದು, ಮಾನ ಉಳಿಸಿಕೊಳ್ಳಲು ಮೈಮೇಲೆ ಬಂದವನ ಹಾಗೆ ಆಡುತ್ತಾನೆ. ಆ ಹುಡುಗಿಗೆ ಏನನಿಸಿತು ಅಂತ ಸಿನಿಮಾ ನಿಂತು ಕೇಳುವುದಿಲ್ಲ. ಕೇಳಬೇಕಿತ್ತು.

ಆದರೆ ಲ್ಯಾಗ್ ಅಂದರಲ್ಲ, ಆ ಭಾಗದಲ್ಲಿ ನಡೆಯುವುದೇನು? ಅಶೋಕನ ಮೈಮೇಲೆ ಬಂದಿದ್ದಾಳೆ ಅಂತ ಊರು ನಂಬಿದ, ಸತ್ತುಹೋದ ಸೋಮೇಶ್ವರದ ಸುಲೋಚನಾಳ ಮಗಳು ಭಾನು ಬರುತ್ತಾಳೆ. ಕಿರುಕುಳ ತಿಂದು ಬದುಕುತ್ತಿರುವ ಹೆಣ್ಣು. ಜೀವಂತ ಇರುವ ಅವಳ ಕಷ್ಟಕ್ಕೆ ಕಿವಿ ಕೊಡುವವರು ಯಾರೂ ಇಲ್ಲ. ಸತ್ತ ಅವಳ ತಾಯಿ, ಅದೂ ಒಬ್ಬ ಗಂಡಸಿನ ಬಾಯಲ್ಲಿ ಮಾತಾಡಿದರೆ ಇಡೀ ಊರು ಕೈಮುಗಿದು ಕೇಳುತ್ತದೆ. 'ಹಾರರ್ ಎಲ್ಲಿದೆ' ಅಂತ ಕೇಳಿದಿರಿ. ನನಗೆ ಹೆದರಿಕೆ ಆಗಿದ್ದು ಅಲ್ಲೇ. ಭಾನು ಆಗಿರುವ ಸಂಧ್ಯಾ ಅರಕೆರೆ ಅಷ್ಟೊತ್ತಿನ ಗಲಾಟೆಯ ಮಧ್ಯೆ ಬಂದು ಸುಮ್ಮನೆ ನಿಲ್ಲುತ್ತಾರೆ, ಕಣ್ಣಲ್ಲೇ ಎಲ್ಲ ಹೇಳುತ್ತಾರೆ. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಅದೇ ಹೊತ್ತಿಗೆ ಫೋನ್ ತೆಗೆದರು.

ನಾನು ಚಿಕ್ಕವಳಿದ್ದಾಗ ನಮ್ಮ ವಠಾರದಲ್ಲಿ ಒಬ್ಬರು ಸೊಸೆ ಇದ್ದರು. ವರ್ಷಕ್ಕೆ ಎರಡು ಮೂರು ಸಲ, ಮಂಗಳವಾರ ಸಂಜೆ, ಅವರ ಮೈಮೇಲೆ ಬರುತ್ತಿತ್ತು. ಕೂದಲು ಬಿಚ್ಚಿ, ನೆಲಕ್ಕೆ ಅಂಗೈ ಬಡಿದು, ಅತ್ತೆಯನ್ನು ಏಕವಚನದಲ್ಲಿ ಕರೆಯುತ್ತಿದ್ದರು. ಉಳಿದ ದಿನ ತಲೆ ಎತ್ತದ ಹೆಂಗಸು. ಅತ್ತೆ ನಡುಗುತ್ತಾ ಅರಿಶಿನದ ನೀರು ತಂದು 'ಏನು ಬೇಕು ತಾಯಿ' ಅನ್ನುತ್ತಿದ್ದರು. ನಾವು ಮಕ್ಕಳು ಬಾಗಿಲ ಸಂದಿಯಿಂದ ನೋಡಿ, ಮಾರನೇ ದಿನ ಅದನ್ನೇ ಆಟ ಆಡಿ ನಗುತ್ತಿದ್ದೆವು.

ಸಿನಿಮಾ ಮುಗಿದ ಮೇಲೆ ಬಸ್ಸಿನಲ್ಲಿ ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕಿಟಕಿ ಕಡೆ ನೋಡುತ್ತಲೇ ಅಂದಳು: "ವಠಾರದ ಆ ಹುಡುಗಿ ಪ್ರತಿ ಸಲ ಏನು ಕೇಳ್ತಿದ್ಲು, ನೆನಪಿದ್ಯಾ? ಬಿಸಿ ಅನ್ನ. ತುಪ್ಪ ಹಾಕಿ, ಬಿಸಿ ಅನ್ನ."