ಬೂಟಲ್ಲಿ ಹೊಡೆದರೆ 6 ಪಂದ್ಯ

ಆ ಒಂಬತ್ತು ಸೆಕೆಂಡಿನ ವಿಡಿಯೋ ಮತ್ತೆ ಬಂತು. ಮಿಷಿಗನ್ನಿನಲ್ಲಿರುವ ಭಾವ ಕಳಿಸಿದ್ದು. 2025ರ ಫೆಬ್ರವರಿ, ಮಾಂಟ್ರಿಯಲ್, ಅಮೆರಿಕ–ಕೆನಡಾ ಐಸ್ ಹಾಕಿ. ಆಟ ಶುರುವಾಗಿ 9 ಸೆಕೆಂಡಿನಲ್ಲಿ 3 ಹೊಡೆದಾಟ. ಅಮೆರಿಕದ ಕಚಕ್ ಅಣ್ಣತಮ್ಮಂದಿರು (ಹೆಸರಲ್ಲೇ ಕಚ್ಚುವ ಸದ್ದಿದೆ ನೋಡಿ) ಇದನ್ನು ಮೊದಲೇ ಗ್ರೂಪ್ ಚಾಟಿನಲ್ಲಿ ಮಾತಾಡಿಕೊಂಡಿದ್ದರಂತೆ, ನಮ್ಮ ಮನೆ ಹೆಂಗಸರು ಮದುವೆಗೆ ಸೀರೆ ಬಣ್ಣ ಗೊತ್ತು ಮಾಡಿಕೊಳ್ಳುವ ಹಾಗೆ.

ವಿಡಿಯೋ ಕೆಳಗೆ ಭಾವನ ಒಕ್ಕಣೆ: "ಇದಪ್ಪಾ ಗೇಮ್ ಅಂದ್ರೆ!"

ಹೌದು ಹೌದು. ಈ ಆಟದಲ್ಲಿ ಹೊಡೆದಾಡಿದರೆ 5 ನಿಮಿಷ ಪಕ್ಕದ ಗೂಡಿನಲ್ಲಿ ಕೂರಿಸುತ್ತಾರೆ. ಮೂಗಿನ ರಕ್ತ ಒರೆಸಿಕೊಂಡು, ನೀರು ಕುಡಿದು, ವಾಪಸ್ ಬಂದು ಆಡಬಹುದು. ಇದು ಸಂಪ್ರದಾಯವಂತೆ.

ಅದೇ ಭಾವನಿಗೆ ಬ್ಯಾಸ್ಕೆಟ್‌ಬಾಲ್, ಅದರಲ್ಲೂ ಅಮೆರಿಕದ ಎನ್‌ಬಿಎ ಲೀಗ್ ಅಂದರೆ ಆಗಲ್ಲ. "ಎನ್‌ಬಿಎ ತುಂಬ ರೌಡಿಗಳು ಮಾರಾಯ. 2004ರಲ್ಲಿ ನಮ್ಮೂರ ಹತ್ರಾನೇ ಏನಾಯ್ತು ಗೊತ್ತಲ್ಲ?"

ಗೊತ್ತು ಭಾವ. ಆಬರ್ನ್ ಹಿಲ್ಸ್, ನವೆಂಬರ್ 19, ಆಟ ಮುಗಿಯಲು 45.9 ಸೆಕೆಂಡ್ ಬಾಕಿ. ಎದುರು ತಂಡದ ಬೆನ್ ವಾಲೇಸ್ ಕೈಲಿ ತಳ್ಳಿಸಿಕೊಂಡ ಆಟಗಾರ ರಾನ್ ಆರ್ಟೆಸ್ಟ್ ಹೋಗಿ ಸ್ಕೋರ್ ಬರೆಯುವವರ ಮೇಜಿನ ಮೇಲೆ ಮಲಗಿದ. ಕಿವಿಗೆ ಹೆಡ್‌ಫೋನ್ ಬೇರೆ. ಊಟ ಮುಗಿಸಿ ಜಗಲಿ ಮೇಲೆ ಒರಗಿದ ಯಜಮಾನನ ಥರ. ಆಗ ಗ್ಯಾಲರಿಯಿಂದ ಯಾರೋ ಕುಡಿಯುತ್ತಿದ್ದ ಲೋಟ ಎಸೆದ, ಅದು ಬಂದು ಮೈಮೇಲೆ ಬಿತ್ತು. ಆರ್ಟೆಸ್ಟ್ ಎದ್ದು ಜನರ ನಡುವೆ ನುಗ್ಗಿದ. ನುಗ್ಗಿದವನು ಎಸೆದವನನ್ನು ಬಿಟ್ಟು ಬೇರೆ ಯಾರನ್ನೋ ಹಿಡಿದ! ತಪ್ಪೇ, ಸಮರ್ಥನೆ ಮಾಡಲ್ಲ. ಶಿಕ್ಷೆ 86 ಪಂದ್ಯ ನಿಷೇಧ. ತೀರ್ಮಾನ ಒಮ್ಮತದ್ದಾ ಅಂತ ಕೇಳಿದರೆ ಲೀಗಿನ ಕಮಿಷನರ್ ಡೇವಿಡ್ ಸ್ಟರ್ನ್ "ಒಮ್ಮತವೇ, 1–0" ಅಂದರು. ತೀರ್ಮಾನ ಮಾಡಿದ್ದು ಅವರೊಬ್ಬರೇ!

ಈಗ ಬೂಟಿನ ಕಥೆ. 1979ರ ಡಿಸೆಂಬರ್ 23, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಬಾಸ್ಟನ್ ಬ್ರೂಯಿನ್ಸ್ ಹಾಕಿ ತಂಡದವರು ಗಾಜಿನ ಗೋಡೆ ಹತ್ತಿ ಪ್ರೇಕ್ಷಕರ ಮೇಲೆ ಬಿದ್ದರು. ಒಬ್ಬಿಬ್ಬರಲ್ಲ, ಹೆಚ್ಚುಕಮ್ಮಿ ತಂಡಕ್ಕೆ ತಂಡವೇ. ಅದರಲ್ಲಿ ಮೈಕ್ ಮಿಲ್ಬರಿ ಎಂಬ ಮಹಾಶಯರು ಒಬ್ಬ ಪ್ರೇಕ್ಷಕನ ಕಾಲಿನ ಬೂಟು ಕಿತ್ತು ಅದರಲ್ಲೇ ಅವನಿಗೆ ಬಾರಿಸಿದರು. ನಮ್ಮ ಕಡೆ ಹೊಡೆಯುವವನು ತನ್ನ ಸ್ವಂತ ಚಪ್ಪಲಿ ಬಿಚ್ಚುತ್ತಾನೆ, ಅದೊಂದು ಮರ್ಯಾದೆ. ಇವರು ಪಾಪ ಸ್ಕೇಟ್ ಕಟ್ಟಿಕೊಂಡಿದ್ದರು, ದಾರ ಬಿಚ್ಚುವಷ್ಟರಲ್ಲಿ ಕೋಪ ಇಳಿದುಬಿಟ್ಟರೆ? ಶಿಕ್ಷೆ 6 ಪಂದ್ಯ. ಆಮೇಲೆ ಕೋಚ್ ಆದರು, ಮ್ಯಾನೇಜರ್ ಆದರು, ಟಿವಿಯಲ್ಲಿ ಕೂತು ಊರಿಗೆಲ್ಲ ಹಾಕಿಯ ಪಾಠ ಹೇಳಿದರು. ಬೂಟಿನ ಕಥೆಯನ್ನು ಜನ ಇವತ್ತಿಗೂ ನಕ್ಕುಕೊಂಡೇ ಹೇಳುತ್ತಾರೆ.

ಕಾಲ ಬೇರೆ, ಲೀಗ್ ಬೇರೆ, ಒಪ್ಪಿದೆ. ಆ ಹಾಕಿ ಆಡುವವರು ಹೆಚ್ಚಾಗಿ ಬಿಳಿಯರು, ಎನ್‌ಬಿಎಯವರು ಹೆಚ್ಚಾಗಿ ಕರಿಯರು. ಆದರೆ ಆ ಬೂಟೇಟಿಗೆ ಬಿಳಿಯರ ಮನೆಯ ಸಂಸ್ಕಾರ ಸರಿಯಿಲ್ಲ, ಅವರು ಕೇಳುವ ಹಾಡೇ ಹಾಗೆ ಅಂತ ಯಾರೂ ಕೊರೆಯಲಿಲ್ಲ ಅಲ್ವಾ? 2004ರಲ್ಲಿ ಮಾತ್ರ ಕರಿಯರ ಹಿಪ್‌ಹಾಪ್ ಹಾಡಿನ ಮೇಲೆ ಗೂಬೆ ಕೂರಿಸಿದರು. ಮರುವರ್ಷ ಎನ್‌ಬಿಎ ಆಟಗಾರರು ಅಂಗಳದ ಹೊರಗೆ ತೊಡುವ ಬಟ್ಟೆಗೂ ಡ್ರೆಸ್ ಕೋಡ್ ಬಂತು. ಅಂಗಿ ಮೇಲೆ ಸರ ಕೂಡದು, ಟೋಪಿ ಕೂಡದು, ಒಳಗೆ ತಂಪು ಕನ್ನಡಕ ಕೂಡದು. ಕಾಲರ್ ಶರ್ಟ್ ಹಾಕಿಸಿದರೆ ಕೈ ತಾನೇ ಕಟ್ಟಿಕೊಳ್ಳುತ್ತದೆ ಅನ್ನುವ ಲೆಕ್ಕ. ಐಸ್ ಮೇಲೆ ಹಲ್ಲು ಉದುರಿಸುವವರು ಆಗೆಲ್ಲ ಸೂಟು ಹಾಕಿಕೊಂಡೇ ಬರುತ್ತಿದ್ದರು, ಅದು ಬಿಡಿ.

ಕರಿಯ ಆಟಗಾರರಿಗೆ ಅಂಟಿಸುವ 'ಥಗ್' (ರೌಡಿ) ಅನ್ನೋ ಪದ ಹೋಗಿದ್ದು ನಮ್ಮ ದೇಶದಿಂದಲೇ. ನಮ್ಮ ಠಕ್ಕನ ಅಣ್ಣತಮ್ಮ. ಕನ್ನಡದಲ್ಲಿ ಠಕ್ಕ ಅಂದರೆ ಟೋಪಿ ಹಾಕುವವನು ಅಷ್ಟೇ. ಬ್ರಿಟಿಷರ ಕೈಗೆ ಸಿಕ್ಕಿ ಅವನು ಕೊಲೆಗಾರನಾದ. ಅದೇ ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿಗೆ ಸೇರಿಸಿದರು. ಒಂದು ಮಗು ಇನ್ನೂ ಅಂಬೆಗಾಲಿಡುತ್ತಿರುತ್ತದೆ, ಆಗಲೇ ಪೊಲೀಸರಿಗೆ ಅದು ಕಳ್ಳರ ಪೈಕಿ.

ಆರ್ಟೆಸ್ಟ್ ಆಮೇಲೆ 2011ರಲ್ಲಿ ಹೆಸರನ್ನೇ ಬದಲಿಸಿಕೊಂಡ. ಮೆತ್ತಾ ವರ್ಲ್ಡ್ ಪೀಸ್! ಪಾಳಿ ಭಾಷೆಯ ಮೆತ್ತಾ, ನಮ್ಮ ಮೈತ್ರಿ. ನಮ್ಮ ಕಿವಿಗೆ ಮಾತ್ರ ಮೆತ್ತಗಾದ ಅಂತಲೇ ಕೇಳುತ್ತದೆ. ಮಾನಸಿಕ ಆರೋಗ್ಯದ ಬಗ್ಗೆ ಬಾಯಿಬಿಟ್ಟು ಮಾತಾಡಿದ, ಅದೇ ವರ್ಷ ಲೀಗಿನಿಂದ ಸಮಾಜಸೇವೆಯ ಪ್ರಶಸ್ತಿಯೂ ಬಂತು. ಮರುವರ್ಷ ಎದುರು ತಂಡದ ಜೇಮ್ಸ್ ಹಾರ್ಡನ್ ತಲೆಗೆ ಮೊಣಕೈಲಿ ಕೊಟ್ಟ. ವಿಶ್ವಶಾಂತಿಗೆ 7 ಪಂದ್ಯ ನಿಷೇಧ.

ಇಷ್ಟೆಲ್ಲ ಬರೆದು ಭಾವನಿಗೆ ಕಳಿಸಿದೆ. "ನೀನು ಇಲ್ಲಿ ಇದ್ದು ನೋಡಿಲ್ಲ, ಸುಮ್ನಿರು" ಅಂತ ಉತ್ತರ ಬಂತು. ಸುಮ್ಮನಿರಲು ಆಗಲಿಲ್ಲ. ಭಾವ, ಏರ್‌ಪೋರ್ಟಿನಲ್ಲಿ ನಿಮ್ಮ ಗಡ್ಡ ನೋಡಿ ಪಕ್ಕಕ್ಕೆ ನಿಲ್ಲಿಸಿದಾಗ ನಾನು ಸಾಫ್ಟ್‌ವೇರಿನವನು, ಸಾಫ್ಟ್‌ವೇರಿನವನು ಅಂತ ಮೂರು ಸಲ ಹೇಳಿದ್ದಿರಂತೆ. ಅವತ್ತು ರಾತ್ರಿ ಅಕ್ಕನಿಗೆ ಫೋನ್ ಮಾಡಿ ಅತ್ತಿದ್ದು ಮರೆತುಹೋಯ್ತಾ? ಮೈಬಣ್ಣ ನೋಡಿ ಲೆಕ್ಕ ಹಾಕುವವರ ಪಕ್ಕ ನೀವೂ ಹೋಗಿ ಕುರ್ಚಿ ಹಾಕಿಕೊಂಡು ಕೂತಿರಲ್ಲ. ನನಗಂತೂ ಸಾಕಾಗಿದೆ.

ಎರಡು ದಿನ ಸದ್ದಿಲ್ಲ. ಮೂರನೇ ದಿನ ಒಂದು ಫೋಟೋ. ಬ್ಯಾಸ್ಕೆಟ್‌ಬಾಲ್ ಆಡುತ್ತೇನೆ ಅಂತ ಹಟ ಹಿಡಿದಿದ್ದ ಅಳಿಯನನ್ನು ಹಾಕಿಗೆ ಸೇರಿಸಿದ್ದಾರೆ. ಹನ್ನೊಂದು ವರ್ಷದ ಹುಡುಗ, ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್. ಪಕ್ಕದಲ್ಲಿ ಭಾವ, ಹೆಬ್ಬೆರಳು ಎತ್ತಿಕೊಂಡು ನಿಂತಿದ್ದಾರೆ.