ಟರ್ಕಿಶ್ ಉಲ್ಟಾ ಅಂತೆ! ಯಾರಿಗೆ ಸ್ವಾಮಿ?

"ಈ ಭಾಷೇಲಿ ಕ್ರಿಯಾಪದ ಕೊನೆಗೆ ಬರುತ್ತೆ ಗೈಸ್, ತಲೆ ಕೆಟ್ಟೋಗುತ್ತೆ" ಅಂತ ಟರ್ಕಿಶ್ ಕಲಿಯೋಕೆ ಹೊರಟ ನಮ್ಮ ಹುಡುಗನೊಬ್ಬ ಗೋಳಾಡೋ ರೀಲ್ ಈಗಷ್ಟೇ ನೋಡಿದೆ. ಗೋಳಾಡಿದ್ದು ಅಚ್ಚ ಕನ್ನಡದಲ್ಲಿ. ನೀನು ಆಡಿದ ಮಾತಲ್ಲೂ ಕ್ರಿಯಾಪದ ಕೊನೆಗೇ ಇದೆಯಲ್ಲೋ ಮಾರಾಯ!

ಅವನದೇನೂ ತಪ್ಪಿಲ್ಲ ಬಿಡಿ. ಕೈಯಲ್ಲಿರೋ ಪುಸ್ತಕ ಇಂಗ್ಲಿಷರಿಗೆ ಬರೆದದ್ದು. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸೋ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಲೆಕ್ಕದಲ್ಲಿ ಇಂಗ್ಲಿಷ್ ಮಾತಾಡೋರಿಗೆ ಟರ್ಕಿಶ್ ಹಿಡಿಯೋಕೆ 44 ವಾರ, 1100 ಗಂಟೆ ಪಾಠ ಬೇಕು. ಅವರಿಗೆ ಬೇಕು, ಸರಿ. ಅವರ ಭಯಾನ ನಾವ್ಯಾಕೆ ಕಡ ತರಬೇಕು?

ನೋಡಿ. ಎವ್ ಅಂದ್ರೆ ಮನೆ. ಎವ್‌ದೆ ಮನೆಯಲ್ಲಿ, ಎವೆ ಮನೆಗೆ, ಎವ್‌ದೆನ್ ಮನೆಯಿಂದ, ಎವ್‌ಲೆರ್‌ದೆನ್ ಮನೆಗಳಿಂದ. ಮೊದಲು ಬಹುವಚನ, ಆಮೇಲೆ ವಿಭಕ್ತಿ. ಅರಬಾ ಅಂದ್ರೆ ಕಾರು, 'ಕಾರಿಗೆ' ಅನ್ನೋಕೆ ಅರಬಾಯಾ. ನಡುವೆ ನುಸುಳಿದ ಆ ಯಕಾರಕ್ಕೆ ಇಂಗ್ಲಿಷ್ ಪುಸ್ತಕ 'ಬಫರ್ ಲೆಟರ್' ಅಂತ ಹೆಸರಿಟ್ಟು ಪಾಠ ಮಾಡುತ್ತೆ. ಸ್ಕೂಲಲ್ಲಿ ಬಾಯಿಪಾಠ ಮಾಡಿದ ಯಕಾರಾಗಮ ಸಂಧಿ ಕಣ್ರೀ ಅದು!

ಮೆಕ್ತುಪ್ ಅಂದ್ರೆ ಪತ್ರ. ಮೆಕ್ತುಪ್ ಒಕುದುಮ್, ಪತ್ರ ಓದಿದೆ, ಯಾವುದೋ ಒಂದು. ಮೆಕ್ತುಬು ಒಕುದುಮ್, ಪತ್ರವನ್ನು ಓದಿದೆ, ಗೊತ್ತಿರೋ ಆ ಪತ್ರ. ಪಕಾರ ಬಕಾರ ಆಗಿದ್ದು ನಮ್ಮ ಕಣ್+ಪನಿ ಕಂಬನಿ ಆದ ಹಾಗೆ. ಎಡವೋದು ಇಲ್ಲೇ: ನಾವು 'ಆ ಪತ್ರ ಓದಿದೆ' ಅಂತ 'ಅನ್ನು' ನುಂಗಿ ದಕ್ಕಿಸಿಕೊಳ್ತೀವಿ. ಅಲ್ಲಿ 'ಆ' ಬಂದಮೇಲೆ ಮೆಕ್ತುಬು ಅನ್ನಲೇಬೇಕು.

ಗಿದಿಪ್ ಗೆಲ್ದಿಮ್ ಅಂದ್ರೆ 'ಹೋಗಿ ಬಂದೆ', ಪದಕ್ಕೆ ಪದ. ಬೆಶ್ ಕಿತಾಪ್, ಐದು ಪುಸ್ತಕ, 'ಗಳು' ಬೇಕಿಲ್ಲ. ಕಿತಾಪ್ ಮಿತಾಪ್ ಅಂದ್ರೆ ಪುಸ್ತಕ ಗಿಸ್ತಕ! ಗೆಲ್ದಿ ಅಂದ್ರೆ ಬಂದ, ಗೆಲ್ಮಿಶ್ ಅಂದ್ರೆ ಬಂದನಂತೆ. ಇಂಗ್ಲಿಷರು 'ಮಿಶ್' ಮುಂದೆ ಬೆವರುತ್ತಾರೆ, ನಮಗೆ 'ಅಂತೆ' ಇಲ್ಲದೆ ಹರಟೆಯೇ ಸಾಗಲ್ಲ. (ಒಪ್ಪಿಕೊಳ್ತೀನಿ, ಒಂದು ಕಡೆ ನನ್ನ 'ಅಂತೆ'ಯೂ ಮಕಾಡೆ ಮಲಗುತ್ತೆ. ಸೋಫಾದಲ್ಲಿ ಕೂತಲ್ಲೇ ತೂಕಡಿಸಿ ಎದ್ದವನು 'ಉಯುಮುಶುಮ್' ಅಂತಾನೆ, 'ಅರೆ, ನಿದ್ದೆ ಹೋಗ್ಬಿಟ್ಟಿದ್ದೀನಿ' ಅಂತ. ತನಗೇ ಈಗ ತಿಳಿದದ್ದಕ್ಕೂ ಮಿಶ್.)

"ಲಿಪಿ ಇಂಗ್ಲಿಷಿನದ್ದೇ ತಾನೆ, ಅದರ ಮೂಲಕ ಕಲಿತರೇನು?" ಅಂತೀರಿ. 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ತಂದದ್ದು ನಿಜ. ಆದರೆ ಆ 29 ಅಕ್ಷರಗಳಲ್ಲಿ ಕ್ಯೂ, ಡಬ್ಲ್ಯೂ, ಎಕ್ಸ್ ಇಲ್ಲವೇ ಇಲ್ಲ, ಸಿ ಅಂದ್ರೆ ಜ. ಸಿ-ಎ-ಎಂ-ಐ ಅಂತ ಬರೆದು ಜಾಮಿ ಅಂತಾರೆ, ಮಸೀದಿ. ಟಿ, ಡಿ ಕಂಡ ಕೂಡಲೇ ನಮ್ಮವರು ಟ, ಡ ಕುಟ್ಟೋದೂ ಇಂಗ್ಲಿಷಿನ ಉಪಕಾರವೇ. ಅವು ನಮ್ಮ ತ, ದ. ಸರಿಯಾಗಿ ನಾಲಿಗೆಯಲ್ಲೇ ಇದ್ದದ್ದನ್ನು ಕೆಡಿಸಿಕೊಂಡು ಆಮೇಲೆ ತಿದ್ದಿಕೊಳ್ಳೋ ಸಂಭ್ರಮ!

ನಿಜಕ್ಕೂ ಹೊಸದು ಸ್ವರ. ಒಟ್ಟು ಎಂಟು. ತುಟಿಯನ್ನು ಉಕಾರಕ್ಕೆ ದುಂಡಗೆ ಮಾಡಿ, ಆ ತುಟಿ ಕದಲಿಸದೆ 'ಇ' ಅನ್ನಿ, ಎರಡು ಚುಕ್ಕೆಯ ಯು ಸಿಕ್ಕಿತು. ಹಾಗೇ 'ಎ' ಅನ್ನಿ, ಎರಡು ಚುಕ್ಕೆಯ ಓ. ಚುಕ್ಕೆಯಿಲ್ಲದ ಐ ತುಳುವಿನ ಪದಾಂತ್ಯದ ಅರೆ ಉಕಾರಕ್ಕೆ ಹತ್ತಿರ, ಮಂಗಳೂರಿನವರಿಗೆ ಬಿಟ್ಟಿ ಲಾಭ. ಪದದ ಕೊನೆಯ ಸ್ವರ ಎ, ಇ ಅಥವಾ ಈ ಚುಕ್ಕೆಯ ಜೋಡಿಯಾದರೆ ಬಹುವಚನ 'ಲೆರ್', ಉಳಿದ ನಾಲ್ಕಕ್ಕೆ 'ಲಾರ್'. ಎವ್‌ಲೆರ್, ಅರಬಾಲಾರ್. ಅರಬ್ಬಿಯಿಂದ ಬಂದ ಕೆಲವು ಪದ ಮಾತ್ರ ಇದಕ್ಕೆ ಬಗ್ಗಲ್ಲ: ಸಾಅತ್ (ಗಂಟೆ) ಹಠ ಹಿಡಿದು ಸಾಅತ್‌ಲೆರ್ ಆಗುತ್ತೆ.

ರೀಲ್ ಹುಡುಗಾ, ಅಳಲೇಬೇಕು ಅಂದ್ರೆ ಜಾಗ ತೋರಿಸ್ತೀನಿ. 'ನಾನು ಓದಿದ ಪತ್ರ' ಅನ್ನೋಕೆ 'ಒಕುದೂಮ್ ಮೆಕ್ತುಪ್' ಅನ್ನಬೇಕು. ನಾವು ಬೇರೆಯಾಗಿ ಇಡೋ 'ನಾನು' ಅಲ್ಲಿ 'ಓದಿದ' ಅನ್ನೋದರ ಬಾಲಕ್ಕೇ 'ಮ್' ಆಗಿ ಅಂಟುತ್ತೆ. ನೀನು ಓದಿದ್ದಾದರೆ ಒಕುದೂನ್. 'ಪತ್ರ ಓದಿದ ಹುಡುಗ'ನಿಗೆ ಬೇರೆಯೇ ಪ್ರತ್ಯಯ, ಮೆಕ್ತುಬು ಒಕುಯಾನ್. ನಮ್ಮ ಒಂದೇ 'ಓದಿದ' ಅಲ್ಲಿ ಹೀಗೆ ಹಲವು. ಈ ಪಾಠ ಬರೋ ಹೊತ್ತಿಗೆ ರೀಲ್ ಮಾಡು, ನಾನೂ ಬಂದು ಜೊತೆಗೆ ಅಳ್ತೀನಿ.